ಕಾರಿಲ್ಲದೆ ಜಲಪಾತಕ್ಕೆ: ಸಿಡ್ನಿಯಿಂದ ರೈಲಿನಲ್ಲೇ ಹೋಗಿಬರುವ ಕಾಡುಚಾರಣಗಳ ಸಮಗ್ರ ಮಾರ್ಗದರ್ಶಿ

ಸಿಡ್ನಿಗೆ ಬಂದು ವರ್ಷ ಕಳೆದರೂ ಪಶ್ಚಿಮಕ್ಕಿರುವ ಬ್ಲೂ ಮೌಂಟನ್ಸ್ ಬೆಟ್ಟಸಾಲಿನ ಒಂದು ಜಲಪಾತವನ್ನೂ ನೋಡದ ಕನ್ನಡಿಗರು ಬೇಕಾದಷ್ಟು ಮಂದಿ ಇದ್ದಾರೆ. ಯಾಕೆಂದು ಕೇಳಿದರೆ ಬರುವುದು ಒಂದೇ ಉತ್ತರ: "ಇನ್ನೂ ಕಾರು ತಗೊಂಡಿಲ್ಲ." ಓದಲು ಬಂದ ಹುಡುಗ ಹುಡುಗಿಯರು, ಹೊಸದಾಗಿ ಕೆಲಸಕ್ಕೆ ಸೇರಿದವರು, ಮಗ ಸೊಸೆ ಆಫೀಸಿಗೆ ಹೋದ ಮೇಲೆ ಮನೆಯಲ್ಲೇ ಉಳಿಯುವ ಅಪ್ಪ ಅಮ್ಮಂದಿರು, ಇವರೆಲ್ಲರಿಗಾಗಿ ಈ ಬರಹ. ಕಾರು ಇರುವವರೂ ಓದಬಹುದು. ಇಲ್ಲಿನ ಒಳ್ಳೊಳ್ಳೆ ಚಾರಣಗಳಿಗೆ ಕಾರಿಗಿಂತ ರೈಲೇ ಮೇಲು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಕಾರಿನಲ್ಲಿ ಹೋದವರು ಎಷ್ಟೇ ದೂರ ನಡೆದರೂ ಕೊನೆಗೆ ಕಾರು ನಿಲ್ಲಿಸಿದ ಜಾಗಕ್ಕೇ ಮರಳಬೇಕು. ರೈಲಿನಲ್ಲಿ ಹೋದವರಿಗೆ ಆ ಕಟ್ಟು ಇಲ್ಲ. ಒಂದು ಸ್ಟೇಷನ್ನಿನಲ್ಲಿ ಇಳಿದು, ಕಾಡಿನೊಳಗೆ ನಡೆದು, ಇನ್ನೊಂದು ಸ್ಟೇಷನ್ನಿನಲ್ಲಿ ಹತ್ತಿ ಮನೆಗೆ ಬರಬಹುದು. ಇದು ಸಾಧ್ಯವಾಗುವುದು ಇಲ್ಲಿನ ನೆಲದ ರೀತಿಯಿಂದ. 1813ರಲ್ಲಿ ಬ್ಲ್ಯಾಕ್ಸ್‌ಲ್ಯಾಂಡ್, ಲಾಸನ್, ವೆಂಟ್‌ವರ್ತ್ ಎಂಬ ಮೂವರು ವಸಾಹತುಗಾರರು ಈ ಬೆಟ್ಟಸಾಲನ್ನು ದಾಟಿದ್ದು ಕಣಿವೆಗಳನ್ನು ಬಿಟ್ಟು ಏಣಿನ, ಅಂದರೆ ಬೆಟ್ಟದ ಬೆನ್ನಿನ, ಮೇಲೇ ನಡೆದು. ರಸ್ತೆಯೂ 1860ರ ದಶಕದಲ್ಲಿ ಬಂದ ರೈಲೂ ಅದೇ ಏಣನ್ನು ಹಿಡಿದವು. ಆ ಮೂವರ ಹೆಸರಿನಲ್ಲಿ ಇಂದಿಗೂ ಒಂದೊಂದು ಸ್ಟೇಷನ್ ಇದೆ. ಊರುಗಳೆಲ್ಲ ಏಣಿನ ಮೇಲೆ, ನೀರೆಲ್ಲ ಎರಡೂ ಪಕ್ಕದ ಕಣಿವೆಗೆ ಬೀಳುತ್ತದೆ. ಹಾಗಾಗಿ ಸ್ಟೇಷನ್ನಿನಿಂದ ಹತ್ತು ಇಪ್ಪತ್ತು ನಿಮಿಷ ನಡೆದರೆ ಕಾಡಿನ ದಾರಿ ಸಿಗುತ್ತದೆ.

ಹಂತ 1: ಯಾವಾಗ ಹೋಗಬೇಕು

ನಮ್ಮ ಕಡೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಜೂನ್‌ನಲ್ಲಿ ಶುರುವಾಗಿ ಸೆಪ್ಟೆಂಬರಿಗೆ ಮುಗಿಯುವ ಮಳೆಗಾಲ ಎಂಬುದು ಸಿಡ್ನಿಗೆ ಇಲ್ಲ. ವರ್ಷವಿಡೀ ಅಷ್ಟಷ್ಟು ಮಳೆ ಬೀಳುತ್ತದೆ. ಸಾಮಾನ್ಯವಾಗಿ ಫೆಬ್ರವರಿಯಿಂದ ಜೂನ್‌ವರೆಗೆ ಹೆಚ್ಚು, ಆಗಸ್ಟ್ ಸೆಪ್ಟೆಂಬರಿನಲ್ಲಿ ಕಡಿಮೆ. ಆದ್ದರಿಂದ ತಿಂಗಳು ನೋಡಿ ಹೊರಡುವುದಕ್ಕಿಂತ ಹಿಂದಿನ ವಾರದ ಮಳೆ ನೋಡಿ ಹೊರಡುವುದು ಸರಿ. ಜೋರು ಮಳೆ ನಿಂತು ಎರಡು ಮೂರು ದಿನವಾದ ಮೇಲೆ ಹೋದರೆ ನೀರೂ ಚೆನ್ನಾಗಿರುತ್ತದೆ, ದಾರಿಯೂ ಒಂದಿಷ್ಟು ಒಣಗಿರುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಜೋಗವನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿಗೆ ಬರಬೇಡಿ. ಜೋಗದ ಎತ್ತರ 253 ಮೀಟರ್, ವೆಂಟ್‌ವರ್ತ್ ಫಾಲ್ಸ್ ಸುಮಾರು 187. ಎತ್ತರದಲ್ಲಿ ಅಂಥ ಅಂತರವಿಲ್ಲ, ಆದರೆ ಆಗಸ್ಟಿನ ಶರಾವತಿಯ ಅಬ್ಬರ ಇಲ್ಲಿಲ್ಲ. ಇಲ್ಲಿನ ಸೊಗಸೇ ಬೇರೆ. ತೆಳ್ಳಗಿನ ನೀರು ಕಂದು, ಕೇಸರಿ ಬಣ್ಣದ ಮರಳುಗಲ್ಲಿನ ಗೋಡೆಯ ಮೇಲೆ ಹರಡಿಕೊಂಡು ಇಳಿಯುತ್ತದೆ. ಮೊಣಕೈ ಅಂತರದಲ್ಲಿ ನಿಂತು ನೋಡಬಹುದಾದ ಜಲಪಾತಗಳು ಇವು.

ಮಳೆಯಿಲ್ಲದ ವಾರಗಳಲ್ಲೂ ಬ್ಲೂ ಮೌಂಟನ್ಸ್‌ನ ಎಷ್ಟೋ ಝರಿಗಳು ಪೂರ್ತಿ ಬತ್ತುವುದಿಲ್ಲ. ಬೆಟ್ಟದ ಮೇಲಿನ ಜೌಗುಗಳು ಮಳೆನೀರನ್ನು ಹೀರಿ ಇಟ್ಟುಕೊಂಡು ನಿಧಾನವಾಗಿ ಬಿಡುತ್ತವೆ. ಮರಳುಗಲ್ಲಿನೊಳಗೆ ಇಳಿದ ನೀರು ಕೆಳಗಿನ ಜೇಡಿಗಲ್ಲಿನ ಪದರ ಸಿಕ್ಕಾಗ ಮುಂದೆ ಇಳಿಯಲಾರದೆ ಪಕ್ಕಕ್ಕೆ ತಿರುಗಿ ಬಂಡೆಯ ಮುಖದಲ್ಲಿ ಜಿನುಗುತ್ತದೆ. ಈ ಜಿನುಗುವ ಪದರ ಮೆತ್ತಗಾಗಿ ಸವೆದು, ಮೇಲಿನ ಬಂಡೆ ಆಧಾರ ತಪ್ಪಿ ಕಳಚುವುದೂ ಇದೇ ಕಾರಣಕ್ಕೆ. ಅಂದರೆ ಜಲಪಾತವನ್ನು ಜೀವಂತ ಇಡುವ ನೀರೇ ದಾರಿಯ ಮೇಲೆ ಬಂಡೆ ಉರುಳಿಸುವ ನೀರು. ಮುಂದೆ ನಾನು ಪದೇ ಪದೇ "ದಾರಿ ತೆರೆದಿದೆಯೇ ನೋಡಿ" ಎನ್ನುವುದು ಅದಕ್ಕೇ.

ಹಂತ 2: ಮೊದಲ ಚಾರಣ ಆರಿಸುವುದು

ಎಲ್ಲರೂ ಮೊದಲು ಕಟೂಂಬಾಕ್ಕೆ ಓಡುತ್ತಾರೆ. ತ್ರೀ ಸಿಸ್ಟರ್ಸ್ ಬಂಡೆಗಳನ್ನು ನೋಡಿ, ಫೋಟೊ ತೆಗೆದು, ವಾಪಸ್ ಬರುತ್ತಾರೆ. ಅದು ತಪ್ಪಲ್ಲ, ಆದರೆ ಮೊದಲ ಸಲಕ್ಕೆ ನಾನು ಹೇಳುವುದು ಲಾಸನ್. ಬೆಂಗಳೂರಿನಲ್ಲಿ ಲಾಲ್‌ಬಾಗ್ ಸುತ್ತುವಷ್ಟು ಕಾಲಿನ ಶಕ್ತಿ ಇದ್ದರೆ ಸಾಕು. ಲಾಸನ್ ಸ್ಟೇಷನ್ನಿನಲ್ಲಿ ಇಳಿದು ದಕ್ಷಿಣಕ್ಕೆ ಆನರ್ ಅವೆನ್ಯೂ ಹಿಡಿದು ಸುಮಾರು ಒಂದು ಕಿಲೋಮೀಟರ್ ನಡೆದರೆ ಸೌತ್ ಲಾಸನ್ ಜಲಪಾತಗಳ ಸುತ್ತುದಾರಿ ಸಿಗುತ್ತದೆ. ಮೂರು ಕಿಲೋಮೀಟರಿನ ಒಳಗಿನ ಈ ಸುತ್ತಿನಲ್ಲಿ ಅಡೆಲಿನಾ, ಜಂಕ್ಷನ್, ಫೆಡರಲ್, ಕ್ಯಾಟರ‍್ಯಾಕ್ಟ್ ಎಂಬ ನಾಲ್ಕು ಜಲಪಾತಗಳು. ಜರೀಗಿಡಗಳ ನಡುವೆ ನೆರಳಿನಲ್ಲೇ ನಡೆಯುವ ದಾರಿ. ಮೆಟ್ಟಿಲುಗಳಿವೆ, ಆದರೆ ಉಸಿರು ಕಟ್ಟಿಸುವಷ್ಟಿಲ್ಲ. ಟೂರಿಸ್ಟ್ ಬಸ್ಸುಗಳು ಇಲ್ಲಿ ನಿಲ್ಲುವುದಿಲ್ಲವಾದ್ದರಿಂದ ಗದ್ದಲ ಕಡಿಮೆ. ಆರೇಳು ವರ್ಷದ ಮಕ್ಕಳನ್ನು ಕರೆದುಕೊಂಡು ಹೋಗಲು ಈ ಸಾಲಿನಲ್ಲಿ ಇದಕ್ಕಿಂತ ಒಳ್ಳೆಯ ಜಾಗ ನನಗೆ ತಿಳಿದಿಲ್ಲ.

ಇದು ಹಿಡಿಸಿದರೆ ಮುಂದಿನದು ಲೂರಾದಿಂದ ಕಟೂಂಬಾ, ಆಮೇಲೆ ವೆಂಟ್‌ವರ್ತ್ ಫಾಲ್ಸ್, ಆಮೇಲೆ ರಾಯಲ್ ನ್ಯಾಷನಲ್ ಪಾರ್ಕಿನ ಉಲೂಲಾ. ಈ ಮೂರನ್ನೂ ಕೆಳಗೆ ವಿವರವಾಗಿ ಬರೆದಿದ್ದೇನೆ.

ಹಂತ 3: ರೈಲು ಮತ್ತು ಖರ್ಚು

ಬ್ಲೂ ಮೌಂಟನ್ಸ್ ಲೈನ್ ಸೆಂಟ್ರಲ್‌ನಿಂದ ಹೊರಟು ಸ್ಟ್ರಾತ್‌ಫೀಲ್ಡ್, ಪ್ಯಾರಮಟ್ಟ, ಬ್ಲ್ಯಾಕ್‌ಟೌನ್, ಪೆನ್ರಿತ್ ಮೇಲೆ ಹೋಗುತ್ತದೆ. ನಮ್ಮವರು ಹೆಚ್ಚಾಗಿ ಇರುವುದು ಪಶ್ಚಿಮ ಸಿಡ್ನಿಯಲ್ಲಿ, ಅಂದರೆ ಅರ್ಧ ದಾರಿ ಆಗಲೇ ಮುಗಿದಂತೆ. ಸೆಂಟ್ರಲ್‌ಗೆ ಹೋಗಿ ತಿರುಗಿ ಬರುವ ಅಗತ್ಯವಿಲ್ಲ, ಪ್ಯಾರಮಟ್ಟದಲ್ಲೇ ಹತ್ತಿ. ಸೆಂಟ್ರಲ್‌ನಿಂದ ವೆಂಟ್‌ವರ್ತ್ ಫಾಲ್ಸ್‌ಗೆ ಸುಮಾರು ಒಂದೂಮುಕ್ಕಾಲು ಗಂಟೆ, ಕಟೂಂಬಾಕ್ಕೆ ಎರಡು ಗಂಟೆ. ರೈಲುಗಳು ಹೆಚ್ಚುಕಡಿಮೆ ಗಂಟೆಗೊಂದು ಎಂದಿಟ್ಟುಕೊಂಡು ಯೋಜನೆ ಹಾಕಿ.

ಟಿಕೆಟ್ಟಿಗೆ ಓಪಲ್ ಕಾರ್ಡ್ ಇದ್ದರೆ ಆಯಿತು. ಇಲ್ಲದಿದ್ದರೆ ನಿಮ್ಮ ಬ್ಯಾಂಕ್ ಕಾರ್ಡನ್ನೋ ಫೋನನ್ನೋ ತಾಗಿಸಬಹುದು. ದಿನಕ್ಕೆ ಇಷ್ಟೇ ಎಂಬ ಗರಿಷ್ಠ ಮಿತಿ ಇದೆ. ಶುಕ್ರವಾರ, ಶನಿವಾರ, ಭಾನುವಾರ ಮತ್ತು ಸಾರ್ವಜನಿಕ ರಜೆಗಳಲ್ಲಿ ದೊಡ್ಡವರಿಗೆ ಆ ಮಿತಿ ಹತ್ತು ಡಾಲರಿನ ಆಸುಪಾಸು, ಉಳಿದ ದಿನಗಳ ಮಿತಿಯ ಹೆಚ್ಚುಕಡಿಮೆ ಅರ್ಧ. ಬೆಟ್ಟಕ್ಕೆ ಹೋಗಿ, ಅಲ್ಲಿ ಬಸ್ಸು ಹತ್ತಿ, ಮರಳಿ ಬಂದರೂ ಅಷ್ಟೇ. ದರ ಆಗಾಗ ಬದಲಾಗುವುದರಿಂದ ಹೊರಡುವ ಮುನ್ನ ಒಮ್ಮೆ ನೋಡಿಕೊಳ್ಳಿ. ಭಾರತದಿಂದ ಬಂದಿರುವ ಅಪ್ಪ ಅಮ್ಮಂದಿರಿಗೆ ಇಲ್ಲಿನ ಹಿರಿಯರ ರಿಯಾಯಿತಿ ಕಾರ್ಡ್ ಸಿಗುವುದಿಲ್ಲ, ಆದ್ದರಿಂದ ಅವರನ್ನು ಶುಕ್ರವಾರ ಕರೆದುಕೊಂಡು ಹೋಗಿ. ಮಿತಿಯೂ ಕಡಿಮೆ, ಜನರೂ ಕಡಿಮೆ.

ಬೆಟ್ಟದ ಸಣ್ಣ ಸ್ಟೇಷನ್ನುಗಳಲ್ಲಿ ಗೇಟ್ ಇರುವುದಿಲ್ಲ, ಕಂಬದ ಮೇಲೆ ಕಾರ್ಡ್ ತಾಗಿಸುವ ಯಂತ್ರ ಮಾತ್ರ. ಇಳಿದ ಖುಷಿಯಲ್ಲಿ ತಾಗಿಸುವುದನ್ನು ಮರೆತರೆ ಗರಿಷ್ಠ ಛಾರ್ಜು ಬೀಳುತ್ತದೆ. ಕೆಲವು ಪ್ಲಾಟ್‌ಫಾರಂಗಳು ರೈಲಿಗಿಂತ ಗಿಡ್ಡವಾಗಿರಬಹುದು. ಯಾವ ಬೋಗಿಯಲ್ಲಿರಬೇಕೆಂದು ಹೇಳುವ ಪ್ರಕಟಣೆಗೆ ಕಿವಿ ಕೊಡಿ.

ಇನ್ನು ಹೊತ್ತಿನ ಲೆಕ್ಕ. ಇದನ್ನು ಹಿಂದಿನಿಂದ ಮುಂದಕ್ಕೆ ಹಾಕಬೇಕು. ಮೊದಲು ಕತ್ತಲು ಯಾವಾಗ ಎಂದು ನೋಡಿ. ಜೂನ್‌ನಲ್ಲಿ ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗುತ್ತಾನೆ, ಡಿಸೆಂಬರಿನಲ್ಲಿ ಎಂಟರವರೆಗೂ ಬೆಳಕು. ಕಣಿವೆಯೊಳಗೆ ಇನ್ನೂ ಬೇಗ ಮಬ್ಬಾಗುತ್ತದೆ. ಜೂನ್ ತಿಂಗಳ ಒಂದು ಶನಿವಾರ ಎಂದುಕೊಳ್ಳಿ. ಕಾಡಿನಿಂದ ಮೂರೂವರೆಗೆ ಹೊರಬಂದಿರಬೇಕು. ಎಂಟು ಕಿಲೋಮೀಟರ್ ದಾರಿ. ಸಮತಟ್ಟು ನೆಲದಲ್ಲಿ ಗಂಟೆಗೆ ನಾಲ್ಕು ಕಿಲೋಮೀಟರ್ ನಡೆಯುವವರು ಮೆಟ್ಟಿಲುಗಳಿರುವಲ್ಲಿ ಎರಡೇ ನಡೆಯುತ್ತಾರೆ. ಸರಾಸರಿ ಎರಡೂವರೆ ಹಿಡಿದರೆ ಮೂರು ಗಂಟೆ ಚಿಲ್ಲರೆ. ಊಟ, ಫೋಟೊ, ಸುಮ್ಮನೆ ಕೂರುವುದು ಎಲ್ಲ ಸೇರಿ ಇನ್ನೊಂದು ಗಂಟೆಗೂ ಮೇಲೆ. ಅಂದರೆ ಹನ್ನೊಂದಕ್ಕೆ ಮುಂಚೆ ಕಾಡುದಾರಿಯಲ್ಲಿ ಇರಬೇಕು, ಹತ್ತೂಕಾಲಿಗೆ ರೈಲಿಳಿದಿರಬೇಕು, ಸೆಂಟ್ರಲ್ ಅನ್ನು ಎಂಟೂವರೆಯೊಳಗೆ ಬಿಟ್ಟಿರಬೇಕು. ಆಮೇಲೆ ಮರಳುವ ಎರಡು ರೈಲುಗಳ ಹೊತ್ತು ಬರೆದುಕೊಳ್ಳಿ, ಹಿಡಿಯಬೇಕೆಂದಿರುವುದು ಒಂದು, ಅದು ತಪ್ಪಿದರೆ ಇನ್ನೊಂದು. ಒಂದೇ ರೈಲನ್ನು ನೆಚ್ಚಿದವರು ಕೊನೆಯ ಮೆಟ್ಟಿಲುಗಳಲ್ಲಿ ಓಡುತ್ತಾರೆ, ಕಾಲು ಉಳುಕುವುದು ಆಗಲೇ.

ಹಂತ 4: ಹಿಂದಿನ ರಾತ್ರಿ ನೋಡಬೇಕಾದ್ದು

ಇದನ್ನು ಬಿಟ್ಟು ಹೊರಡಬೇಡಿ. ಮೊದಲನೆಯದು ರೈಲು. ವಾರಾಂತ್ಯಗಳಲ್ಲಿ ಹಳಿ ರಿಪೇರಿಗೆಂದು ರೈಲು ನಿಲ್ಲಿಸಿ ಬದಲಿಗೆ ಬಸ್ಸು ಬಿಡುವುದು ಇಲ್ಲಿ ಮಾಮೂಲು. ಟ್ರಾನ್ಸ್‌ಪೋರ್ಟ್ ಎನ್‌ಎಸ್‌ಡಬ್ಲ್ಯೂನ ಟ್ರಿಪ್ ಪ್ಲ್ಯಾನರ್‌ನಲ್ಲಿ ನೀವು ಹೋಗುವ ದಿನಾಂಕವನ್ನೇ ಹಾಕಿ ನೋಡಿ. ಬೆಟ್ಟಕ್ಕೆ ಬದಲಿ ಬಸ್ಸಿದ್ದರೆ ಅಂದಿಗೆ ರಾಯಲ್ ನ್ಯಾಷನಲ್ ಪಾರ್ಕಿನ ಕಡೆ ಹೋಗುವುದೇ ಜಾಣತನ.

ಎರಡನೆಯದು ದಾರಿ. ರಾಷ್ಟ್ರೀಯ ಉದ್ಯಾನದ ದಾರಿಗಳ ಮಾಹಿತಿ ಎನ್‌ಎಸ್‌ಡಬ್ಲ್ಯೂ ನ್ಯಾಷನಲ್ ಪಾರ್ಕ್ಸ್ ಜಾಲತಾಣದ ಎಚ್ಚರಿಕೆಗಳ ಪುಟದಲ್ಲಿರುತ್ತದೆ. ಊರಂಚಿನ ಕೆಲವು ದಾರಿಗಳು, ಉದಾಹರಣೆಗೆ ಚಾರ್ಲ್ಸ್ ಡಾರ್ವಿನ್ ವಾಕ್, ಬ್ಲೂ ಮೌಂಟನ್ಸ್ ಸಿಟಿ ಕೌನ್ಸಿಲ್‌ಗೆ ಸೇರಿದವು. ಅವುಗಳ ಮಾಹಿತಿ ಕೌನ್ಸಿಲ್ ತಾಣದಲ್ಲಿ. ಎರಡನ್ನೂ ನೋಡಬೇಕು. 2022ರ ಏಪ್ರಿಲ್‌ನಲ್ಲಿ ವೆಂಟ್‌ವರ್ತ್ ಪಾಸ್ ದಾರಿಯಲ್ಲಿ ಬಂಡೆ ಕುಸಿದು, ಬ್ರಿಟನ್ನಿನಿಂದ ಪ್ರವಾಸಕ್ಕೆ ಬಂದಿದ್ದ ಕುಟುಂಬದ ತಂದೆ ಮತ್ತು ಮಗ ತೀರಿಕೊಂಡರು. ಅಂದಿನಿಂದ ಬಂಡೆಯ ಮಗ್ಗುಲಿನ ದಾರಿಗಳನ್ನು ಮುಚ್ಚುವ ವಿಷಯದಲ್ಲಿ ಇಲಾಖೆ ಬಹಳ ಬಿಗಿ. ಅಡ್ಡ ಹಾಕಿದ ಬೇಲಿಯನ್ನು ದಾಟಿದವರ ಫೋಟೊಗಳು ಇನ್‌ಸ್ಟಾಗ್ರಾಮಿನಲ್ಲಿ ಸಿಗುತ್ತವೆ. ದಯವಿಟ್ಟು ಆ ಸಾಲಿಗೆ ಸೇರಬೇಡಿ.

ಮೂರನೆಯದು ಬೆಂಕಿ, ಗಾಳಿ, ಮಳೆ. ಬೇಸಿಗೆಯಲ್ಲಿ ಬೆಂಕಿಯ ಅಪಾಯವನ್ನು ನಾಲ್ಕು ಮಟ್ಟಗಳಲ್ಲಿ ಹೇಳುತ್ತಾರೆ: ಮಾಡರೇಟ್, ಹೈ, ಎಕ್ಸ್‌ಟ್ರೀಮ್, ಕ್ಯಾಟಸ್ಟ್ರಾಫಿಕ್. ಎಕ್ಸ್‌ಟ್ರೀಮ್ ಎಂದಿದ್ದರೆ ಉದ್ಯಾನವನ್ನೇ ಮುಚ್ಚಬಹುದು, ಮುಚ್ಚದಿದ್ದರೂ ಹೋಗಬೇಡಿ. 'ಹಜಾರ್ಡ್ಸ್ ನಿಯರ್ ಮಿ' ಆ್ಯಪ್ ಫೋನಿನಲ್ಲಿರಲಿ. 2019-20ರ ಕಾಳ್ಗಿಚ್ಚಿನಲ್ಲಿ ಗ್ರೇಟರ್ ಬ್ಲೂ ಮೌಂಟನ್ಸ್ ವಿಶ್ವ ಪರಂಪರೆ ತಾಣದ ಶೇಕಡ 80ರಷ್ಟು ಕಾಡು ಉರಿದಿತ್ತು. ಕರಿಕಾದ ನೀಲಗಿರಿ ಕಾಂಡಗಳ ಮೈಯಿಂದಲೇ ಚಿಗುರು ಒಡೆದು ನಿಂತದ್ದನ್ನು ಕೆಲವು ಕಡೆ ಇನ್ನೂ ಗುರುತಿಸಬಹುದು.

ನಾಲ್ಕನೆಯದು, ಮನೆಯಲ್ಲಿ ಒಬ್ಬರಿಗಾದರೂ ಎಲ್ಲಿಗೆ, ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಎಂದು ಮೆಸೇಜು ಹಾಕಿ. ನ್ಯಾಷನಲ್ ಪಾರ್ಕ್ಸ್ ತಾಣದಲ್ಲಿ ಇದಕ್ಕೆಂದೇ ಒಂದು ಅರ್ಜಿ ಇದೆ, ತುಂಬಲು ಐದು ನಿಮಿಷ. ಊರಿನಲ್ಲಿರುವ ಅಮ್ಮನಿಗೆ ಹೇಳಿದರೆ ಸಾಲದು, ಇದೇ ಊರಿನ ಗೆಳೆಯರೊಬ್ಬರಿಗೆ ಹೇಳಿ.

ಹಂತ 5: ಚೀಲದಲ್ಲಿ ಏನಿರಬೇಕು

ಒಬ್ಬರಿಗೆ ಎರಡು ಲೀಟರ್ ನೀರು, ಬೇಸಿಗೆಯಲ್ಲಿ ಮೂರು. ತೊರೆಯ ನೀರು ಕನ್ನಡಿಯಂತೆ ಕಂಡರೂ ಕುಡಿಯಬೇಡಿ. ಊರುಗಳು ಏಣಿನ ಮೇಲಿವೆ ಎಂದೆನಲ್ಲ, ಊರಿನ ಚರಂಡಿ ನೀರೂ ಇದೇ ತೊರೆಗಳನ್ನು ಸೇರುತ್ತದೆ. ಜೋರು ಮಳೆಯಾದ ಮರುದಿನ ಈಜುವುದೂ ಬೇಡ.

ಬುತ್ತಿಯ ವಿಷಯದಲ್ಲಿ ನಾವು ಭಾಗ್ಯವಂತರು. ಪುಳಿಯೋಗರೆ, ಚಿತ್ರಾನ್ನ, ಚಟ್ನಿಪುಡಿ ಸವರಿ ಸುರುಳಿ ಸುತ್ತಿದ ಚಪಾತಿ, ಇವು ಮಧ್ಯಾಹ್ನದವರೆಗೆ ಕೆಡುವುದಿಲ್ಲ, ಬಿಸಿ ಮಾಡುವ ಗೋಜಿಲ್ಲ. ಮೊಸರನ್ನ ಚಳಿಗಾಲಕ್ಕೆ ಸರಿ, ಜನವರಿಯ ಬಿಸಿಲಿನಲ್ಲಿ ಹುಳಿಯುತ್ತದೆ. ಸಿಪ್ಪೆ, ಪ್ಲಾಸ್ಟಿಕ್, ಟಿಶ್ಯೂ ಎಲ್ಲವನ್ನೂ ವಾಪಸ್ ತರಲು ಒಂದು ಖಾಲಿ ಕವರ್ ಇಟ್ಟುಕೊಳ್ಳಿ. ಕಾಡುದಾರಿಗಳಲ್ಲಿ ಕಸದ ಡಬ್ಬಿ ಇರುವುದಿಲ್ಲ.

ಕಾಲಿಗೆ ಅಡಿ ಹಿಡಿಯುವ ಶೂ ಸಾಕು, ದುಬಾರಿ ಟ್ರೆಕ್ಕಿಂಗ್ ಬೂಟಿನ ಅಗತ್ಯವಿಲ್ಲ. ಆದರೆ ಚಪ್ಪಲಿ ಬೇಡ. ಹೊರಡುವ ಮುನ್ನ ಹಳೆಯ ಮಣ್ಣನ್ನು ಉಜ್ಜಿ ತೊಳೆಯಿರಿ. ಫೈಟಾಫ್ತೊರಾ ಎಂಬ ಬೇರುಕೊಳೆ ರೋಗ ಶೂ ಮಣ್ಣಿನಿಂದಲೇ ಒಂದು ಕಾಡಿನಿಂದ ಇನ್ನೊಂದಕ್ಕೆ ಹೋಗುತ್ತದೆ. ಕೆಲವು ದಾರಿಗಳ ಬಾಯಲ್ಲಿ ಶೂ ತೊಳೆಯುವ ವ್ಯವಸ್ಥೆ ಇಟ್ಟಿರುವುದು ಇದಕ್ಕಾಗಿ. ಕಟೂಂಬಾ ಸಾವಿರ ಮೀಟರಿನ ಎತ್ತರದಲ್ಲಿದೆ. ಪ್ಯಾರಮಟ್ಟದಲ್ಲಿ ಟೀ ಶರ್ಟಿನಲ್ಲಿ ಹೊರಟವರು ಅಲ್ಲಿ ನಡುಗುತ್ತಾರೆ. ಸ್ವೆಟರ್, ತೆಳ್ಳಗಿನ ಮಳೆಕೋಟು, ಟೋಪಿ, ಹಣೆಗೆ ಕಟ್ಟುವ ಟಾರ್ಚು, ಪವರ್ ಬ್ಯಾಂಕ್, ಅಗಲವಾದ ಎರಡು ಬಿಗಿ ಬ್ಯಾಂಡೇಜ್ ಇರಲಿ. ಕಣಿವೆಗಳಲ್ಲಿ ಸಿಗ್ನಲ್ ಸಿಗುವುದಿಲ್ಲ, ಮನೆಯಲ್ಲೇ ನಕ್ಷೆಯನ್ನು ಡೌನ್‌ಲೋಡ್ ಮಾಡಿಕೊಳ್ಳಿ.

ಹಂತ 6: ನಡೆಯೋಣ

*ಲೂರಾದಿಂದ ಕಟೂಂಬಾಕ್ಕೆ*

ಎಲ್ಲ ಸೇರಿ ಹತ್ತು ಕಿಲೋಮೀಟರ್ ಆಸುಪಾಸು. ಕೊನೆಯ ಭಾಗಕ್ಕೆ ಬಸ್ಸು ಹತ್ತಿದರೆ ಏಳೆಂಟು. ಲೂರಾ ಸ್ಟೇಷನ್ನಿನಿಂದ ಹೊರಬಂದರೆ ಲೂರಾ ಮಾಲ್. ಅದು ಅಂಗಡಿಗಳ ಬೀದಿ, ಮಧ್ಯೆ ಚೆರಿ ಮರಗಳು. ಇಳಿಜಾರಿನಲ್ಲಿ ದಕ್ಷಿಣಕ್ಕೆ ನೇರ ನಡೆದು ಕ್ಲಿಫ್ ಡ್ರೈವ್ ಸೇರಿ, ಬಲಕ್ಕೆ ಸ್ವಲ್ಪ ದೂರದಲ್ಲಿ ಲೂರಾ ಕ್ಯಾಸ್ಕೇಡ್ಸ್ ಪಿಕ್ನಿಕ್ ತಾಣ. ಶೌಚಾಲಯ ಇಲ್ಲಿದೆ, ಮುಗಿಸಿಕೊಂಡು ಹೊರಡಿ. ಇಲ್ಲಿಂದ ತೊರೆಯ ಪಕ್ಕದಲ್ಲೇ ದಾರಿ ಇಳಿಯುತ್ತದೆ. ನೀರು ಮೆಟ್ಟಿಲು ಮೆಟ್ಟಿಲಾಗಿ ನಿಮ್ಮ ಜೊತೆಯಲ್ಲೇ ಇಳಿದು, ಬಂಡೆಯ ಅಂಚಿನಲ್ಲಿ ಕಣಿವೆಗೆ ಧುಮುಕುತ್ತದೆ. ಅದನ್ನು ಎದುರಿನಿಂದ ನೋಡಲು ಬ್ರೈಡಲ್ ವೇಲ್ ಲುಕ್‌ಔಟ್.

ಅಲ್ಲಿಂದ ಪ್ರಿನ್ಸ್ ಹೆನ್ರಿ ಕ್ಲಿಫ್ ವಾಕ್ ಹಿಡಿದು ಪಶ್ಚಿಮಕ್ಕೆ. ಬಲಗಡೆ ಊರು, ಎಡಗಡೆ ಜೇಮಿಸನ್ ಕಣಿವೆ, ನಡುವೆ ಬ್ಯಾಂಕ್ಸಿಯಾ ಗಿಡಗಳ ಗುಂಟ ಹತ್ತುತ್ತ ಇಳಿಯುತ್ತ ಹೋಗುವ ದಾರಿ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಹೋದರೆ ಈ ರಾಜ್ಯದ ಹೂವಾದ ಕೆಂಪು ವಾರಟಾ ಕಾಣುವ ಅದೃಷ್ಟವೂ ಇದೆ. ಇದೊಂದು ದೊಡ್ಡ ಅನುಕೂಲ ಇರುವ ದಾರಿ. ಸುಸ್ತಾದರೆ ಎಷ್ಟೋ ಕಡೆ ಮೇಲಿನ ರಸ್ತೆಗೆ ಹತ್ತಿಬಿಡಬಹುದು. ತ್ರೀ ಸಿಸ್ಟರ್ಸ್ ಕಾಣುವ ಎಕೋ ಪಾಯಿಂಟ್‌ನಲ್ಲಿ ಇದ್ದಕ್ಕಿದ್ದಂತೆ ಜನಜಾತ್ರೆ. ಹತ್ತು ನಿಮಿಷ ನೋಡಿ ಮುಂದೆ ನಡೆಯಿರಿ. ಬಹಳ ಮಂದಿ ಇಲ್ಲೇ ಮುಗಿಸುತ್ತಾರೆ, ನಿಜವಾಗಿ ನೋಡಬೇಕಾದ ಕಟೂಂಬಾ ಕ್ಯಾಸ್ಕೇಡ್ಸ್ ಇನ್ನೂ ಮುಂದಿದೆ. ಅಲ್ಲಿ ಬಂಡೆಯ ಮೇಲೆ ಹರಡಿ ಇಳಿಯುವ ನೀರಿನ ಬುಡಕ್ಕೇ ಹೋಗಿ ನಿಲ್ಲಬಹುದು. ಸ್ವಲ್ಪ ಆಚೆ ಕಟೂಂಬಾ ಫಾಲ್ಸ್ ಕಾಣುವ ನೋಟಕಟ್ಟೆ.

ಅಲ್ಲಿಂದ ಸ್ಟೇಷನ್ನಿಗೆ ರಸ್ತೆಯಲ್ಲಿ ನಡೆಯಬಹುದು. ಇಲ್ಲವೇ 686ನೇ ನಂಬರಿನ ಬಸ್ಸು, ಸೀನಿಕ್ ವರ್ಲ್ಡ್ ಮತ್ತು ಎಕೋ ಪಾಯಿಂಟ್ ಮೇಲೆ ಕಟೂಂಬಾ ಸ್ಟೇಷನ್ನಿಗೆ ಬಿಡುತ್ತದೆ. ಓಪಲ್ ನಡೆಯುತ್ತದೆ. ಅಪ್ಪ ಅಮ್ಮಂದಿರಿಗೆ ಮಂಡಿ ನೋವಿದ್ದರೆ ಇದನ್ನೇ ತಿರುವಿಹಾಕಿ: ಕಟೂಂಬಾದಲ್ಲಿ ಇಳಿದು 686 ಹತ್ತಿ, ಎಕೋ ಪಾಯಿಂಟ್ ನೋಡಿ, ಕ್ಯಾಸ್ಕೇಡ್ಸ್ ಬಳಿ ಬುತ್ತಿ ಬಿಚ್ಚಿ, ಅದೇ ಬಸ್ಸಿನಲ್ಲಿ ಮರಳಿ.

*ವೆಂಟ್‌ವರ್ತ್ ಫಾಲ್ಸ್*

ನನಗೆ ಎಲ್ಲಕ್ಕಿಂತ ಪ್ರಿಯವಾದ ದಾರಿ ಇದು. ಸ್ಟೇಷನ್ನಿನಿಂದ ಹೆದ್ದಾರಿ ದಾಟಿ ವಿಲ್ಸನ್ ಪಾರ್ಕ್ ತಲುಪಿದರೆ ಚಾರ್ಲ್ಸ್ ಡಾರ್ವಿನ್ ವಾಕ್ ಶುರು. 1836ರ ಜನವರಿಯಲ್ಲಿ ಡಾರ್ವಿನ್ ಬೀಗಲ್ ಹಡಗಿನ ಯಾನದ ನಡುವೆ ಇಲ್ಲಿಗೆ ಬಂದು, ಇದೇ ಜೇಮಿಸನ್ ತೊರೆಯ ಗುಂಟ ನಡೆದು ಕಣಿವೆಯ ಅಂಚು ತಲುಪಿದ್ದರು. ಊರಿನ ಮಧ್ಯದ ಪಾರ್ಕಿನಿಂದ ಹೊರಟ ದಾರಿ ಐದು ನಿಮಿಷದಲ್ಲಿ ಜೌಗು, ಜರೀಗಿಡ, ಮರದ ಹಲಗೆಯ ಕಾಲುದಾರಿಗಳ ನಡುವೆ ಸೇರಿಕೊಳ್ಳುತ್ತದೆ. ಸುಮಾರು ಎರಡೂವರೆ ಕಿಲೋಮೀಟರ್ ತೊರೆಯ ಜೊತೆಯಲ್ಲೇ ನಡೆದರೆ ವೀಪಿಂಗ್ ರಾಕ್, ಅಗಲವಾದ ಬಂಡೆಯ ಮೇಲೆ ನೀರು ಪರದೆಯಂತೆ ಬೀಳುವ ಜಾಗ. ಅಲ್ಲಿಂದ ಕೆಲವೇ ಹೆಜ್ಜೆಯಲ್ಲಿ ಜಲಪಾತದ ನೆತ್ತಿ.

ನೆತ್ತಿಯಲ್ಲಿ ಎಚ್ಚರ. ಬಂಡೆ ಒಣಗಿದಂತೆ ಕಂಡರೂ ಪಾಚಿ ಇರುತ್ತದೆ. ಕಂಬಿಯ ಆಚೆ ಹೋಗಿ ಫೋಟೊ ತೆಗೆಸಿಕೊಳ್ಳಬೇಡಿ. ಪೂರ್ತಿ ಜಲಪಾತ ಕಾಣುವುದು ನೆತ್ತಿಯಿಂದ ಅಲ್ಲ, ಸ್ವಲ್ಪ ಹಿಂದಿರುವ ಫ್ಲೆಚರ್ಸ್ ಲುಕ್‌ಔಟ್‌ನಿಂದ.

ಅಲ್ಲಿಂದ ಬಂದ ದಾರಿಯಲ್ಲೇ ಮರಳದೆ ಅಂಡರ್‌ಕ್ಲಿಫ್ ದಾರಿ ಹಿಡಿಯಿರಿ. ಬಂಡೆಯ ಚಾಚಿನ ಅಡಿಯಲ್ಲಿ, ಕೆಲವೆಡೆ ತಲೆ ತಗ್ಗಿಸಿ ಸಾಗಬೇಕು. ಮೇಲಿಂದ ನೀರು ಹನಿಹನಿಯಾಗಿ ಹೆಗಲ ಮೇಲೆ ಬೀಳುತ್ತದೆ. ನಾನು ಆಗಲೇ ಹೇಳಿದ ಜಿನುಗುವ ಪದರವನ್ನು ಕೈಯಿಂದ ಮುಟ್ಟಿ ನೋಡಬಹುದಾದ ಜಾಗ ಇದು. ಮೇಲೆ ಒರಟು ಮರಳುಗಲ್ಲು, ಅದರ ಕೆಳಗೆ ಉಗುರಿನಿಂದ ಕೆರೆದರೆ ಪುಡಿಯಾಗುವ ಮೆತ್ತನೆಯ ಕಲ್ಲು, ಸಂದಿನಲ್ಲಿ ಒದ್ದೆ ಗೆರೆ. ಆ ಗೆರೆಯ ಮೇಲೆ ಕಣ್ಣು ಹತ್ತಿರ ಇಟ್ಟು ನೋಡಿ. ಕಡ್ಡಿಯಷ್ಟು ಸಣ್ಣ ಕೆಂಪು ಎಲೆಗಳು, ಪ್ರತಿ ರೋಮದ ತುದಿಯಲ್ಲೂ ಅಂಟಿನ ಹನಿ, ಒಂದೆರಡಕ್ಕೆ ಸಿಕ್ಕಿಬಿದ್ದ ನುಸಿ. ಕೀಟ ಹಿಡಿದು ತಿನ್ನುವ ಸನ್‌ಡ್ಯೂ ಗಿಡ ಅದು. ಬಂಡೆಯಲ್ಲಿ ಸಾರವಿಲ್ಲ, ಗಿಡ ಹುಳದಿಂದ ಪಡೆಯುತ್ತದೆ. ಇದನ್ನು ನೋಡಲು ನಿಲ್ಲುವವರು ಕಡಿಮೆ, ನೀವು ನಿಲ್ಲಿ.

ಮುಂದೆ ಓವರ್‌ಕ್ಲಿಫ್ ದಾರಿಯಾಗಿ ಕನ್ಸರ್ವೇಷನ್ ಹಟ್ ತಲುಪಿ, ಊರಿನ ಬೀದಿಗಳಲ್ಲಿ ಸ್ಟೇಷನ್ನಿಗೆ ಮರಳಬಹುದು. ಒಟ್ಟು ಸುಮಾರು ಎಂಟು ಕಿಲೋಮೀಟರ್, ನಾಲ್ಕು ಗಂಟೆ ಇಟ್ಟುಕೊಳ್ಳಿ. ಕೆಳಗಿನ ನ್ಯಾಷನಲ್ ಪಾಸ್, 1906-07ರಲ್ಲಿ ಬಂಡೆಯ ನಡುಮೈಯಲ್ಲಿ ಕೈಯಿಂದ ಕಡಿದು ಮಾಡಿದ ದಾರಿ, ಇನ್ನೂ ರೋಮಾಂಚಕ. ಆದರೆ ಅದು ಹೋಗುವುದು ಅದೇ ಮೆತ್ತನೆಯ ಪದರದ ಗುಂಟ. ತೆರೆದಿದೆ ಎಂದು ನ್ಯಾಷನಲ್ ಪಾರ್ಕ್ಸ್ ತಾಣದಲ್ಲಿ ಖಚಿತವಾದರೆ ಮಾತ್ರ, ಅದೂ ಮಳೆಯಿಲ್ಲದ ದಿನ ಇಳಿಯಿರಿ.

*ಹೀತ್‌ಕೋಟ್‌ನಿಂದ ಉಲೂಲಾ ಮೇಲೆ ವಾಟರ್‌ಫಾಲ್*

ಇದು ಬೆಟ್ಟದ ಕಡೆಯದಲ್ಲ, ಸಿಡ್ನಿಯ ದಕ್ಷಿಣದ ರಾಯಲ್ ನ್ಯಾಷನಲ್ ಪಾರ್ಕಿನದು. 1879ರಲ್ಲಿ ಘೋಷಣೆಯಾದ ಈ ಉದ್ಯಾನ ಜಗತ್ತಿನ ಅತ್ಯಂತ ಹಳೆಯ ರಾಷ್ಟ್ರೀಯ ಉದ್ಯಾನಗಳಲ್ಲಿ ಒಂದು. ಸಿಟಿಯ ಟಿ4 ಲೈನ್ ಇದರ ಪಶ್ಚಿಮದ ಅಂಚಿನಲ್ಲೇ ಓಡುತ್ತದೆ, ಸೆಂಟ್ರಲ್‌ನಿಂದ ಒಂದು ಗಂಟೆಯ ದಾರಿ. ಹೀತ್‌ಕೋಟ್ ಮತ್ತು ವಾಟರ್‌ಫಾಲ್ ಅಕ್ಕಪಕ್ಕದ ಸ್ಟೇಷನ್ನುಗಳು, ನಡುವೆ ಕಾಡಿನೊಳಗೆ ಸುತ್ತಿ ಬಂದರೆ ಸುಮಾರು ಹತ್ತು ಕಿಲೋಮೀಟರ್.

ಹೀತ್‌ಕೋಟ್‌ನಲ್ಲಿ ಇಳಿದು ಪೂರ್ವದ ಕಡೆಯ ವಿಲ್ಸನ್ ಪೆರೇಡ್ ರಸ್ತೆಯಿಂದ ಕಾರ್ಲೂ ದಾರಿ ಹಿಡಿಯಿರಿ. ಹೀತ್‌ಕೋಟ್‌ನಿಂದಲೇ ಶುರು ಮಾಡಲು ಹೇಳುವುದಕ್ಕೆ ಕಾರಣವಿದೆ. ಕಾಲು ಹುರುಪಾಗಿರುವಾಗ ಕಲ್ಲು ಮೆಟ್ಟಿಲ ಇಳಿತ, ಏರು ಮುಗಿದುಹೋಗುತ್ತದೆ, ಕೊನೆಗೆ ಅಗಲವಾದ ಮಣ್ಣುರಸ್ತೆ ಉಳಿಯುತ್ತದೆ. ಮೊದಲು ಕ್ಯಾಂಗರೂ ಕ್ರೀಕ್‌ಗೆ ಇಳಿದು ಕಾರ್ಲೂ ಪೂಲ್, ಹಸಿರು ನೀರಿನ ಆಳದ ಮಡು. ಬೇಸಿಗೆಯ ಭಾನುವಾರಗಳಲ್ಲಿ ಇಲ್ಲಿ ಈಜುವವರ ಗುಂಪು ಇರುತ್ತದೆ. ನೀರೊಳಗೆ ಬಂಡೆಗಳಿವೆ, ಮೇಲಿಂದ ಹಾರಬೇಡಿ. ಜೋರು ಮಳೆಯ ನಂತರ ತೊರೆ ದಾಟುವ ಕಲ್ಲುಗಳು ಮುಳುಗಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. ತೊರೆ ದಾಟಿದ ಮೇಲೆ ಕಡಿದಾದ ಏರು, ಏರಿದರೆ ಉಲೂಲಾ ಜಲಪಾತದ ಮೇಲಿನ ಬಂಡೆ ಬಯಲು. ಊಟಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇಡ. ಒಣ ತಿಂಗಳಲ್ಲಿ ನೀರು ಬೆರಳು ಗಾತ್ರಕ್ಕೆ ಇಳಿದಿರುತ್ತದೆ, ಆದ್ದರಿಂದ ಈ ಚಾರಣವನ್ನು ಮಳೆ ಬಿದ್ದ ವಾರಕ್ಕೇ ಇಟ್ಟುಕೊಳ್ಳಿ. ಅಲ್ಲಿಂದ ಉಲೂಲಾ ದಾರಿ ವಾಟರ್‌ಫಾಲ್ ಸ್ಟೇಷನ್ನಿಗೆ. ಈ ಭಾಗದಲ್ಲಿ ನೆರಳು ಕಡಿಮೆ, ಟೋಪಿ ನೆನಪಿರಲಿ.

ಹಂತ 7: ದಾರಿಯಲ್ಲಿ ಏನಾದರೂ ಆದರೆ

ಹಾವುಗಳಿವೆ. ಕೆಂಪು ಹೊಟ್ಟೆಯ ಕರಿಹಾವು, ಈಸ್ಟರ್ನ್ ಬ್ರೌನ್ ಎರಡೂ ವಿಷದವು. ಕಂಡರೆ ನಿಂತುಬಿಡಿ, ಅದು ತಾನೇ ಹೋಗುತ್ತದೆ. ಕಚ್ಚಿದರೆ ಕೊಯ್ಯುವುದು, ಹೀರುವುದು, ತೊಳೆಯುವುದು ಯಾವುದೂ ಬೇಡ. ಕಚ್ಚಿದ ಜಾಗದ ಮೇಲೆ ಬಿಗಿ ಬ್ಯಾಂಡೇಜ್ ಸುತ್ತಿ, ಆಮೇಲೆ ಇಡೀ ಕೈಗೋ ಕಾಲಿಗೋ ಸುತ್ತಿ, ಕೋಲು ಕಟ್ಟಿ ಅಲುಗಾಡದಂತೆ ಮಾಡಿ, ಆ ವ್ಯಕ್ತಿಯನ್ನು ನಡೆಸದೆ ಕೂರಿಸಿ, ಸಹಾಯ ಕರೆಯಿರಿ. ಫನೆಲ್‌ವೆಬ್ ಜೇಡಕ್ಕೂ ಇದೇ ಉಪಚಾರ. ಇದರ ಪ್ರತಿವಿಷ 1981ರಲ್ಲಿ ಬಳಕೆಗೆ ಬಂತು.

ಮಲೆನಾಡಿನವರಿಗೆ ಇಂಬಳ ಹೊಸದಲ್ಲ. ಇಲ್ಲಿಯೂ ಮಳೆ ಬಿದ್ದ ಮೇಲೆ ಕಾಲುಚೀಲದೊಳಗೆ ಸೇರಿಕೊಳ್ಳುತ್ತವೆ, ಉಪ್ಪಿನ ಪೊಟ್ಟಣ ಇಟ್ಟುಕೊಳ್ಳಿ. ಉಣುಗು ಕಚ್ಚಿದ್ದರೆ ಮಾತ್ರ ಬೆರಳಿನಿಂದ ಹಿಸುಕಿ ಕೀಳಬೇಡಿ, ಫಾರ್ಮಸಿಯಲ್ಲಿ ಕೇಳಿ ತೆಗೆಸಿ. ಮನೆಗೆ ಬಂದ ಮೇಲೆ ಕಿವಿಯ ಹಿಂದೆ, ಕೂದಲಿನೊಳಗೆ ನೋಡಿಕೊಳ್ಳಿ, ಮಕ್ಕಳದ್ದನ್ನಂತೂ ತಪ್ಪದೆ.

ತುರ್ತಿಗೆ 000. 'ಎಮರ್ಜೆನ್ಸಿ ಪ್ಲಸ್' ಆ್ಯಪ್ ಹಾಕಿಕೊಂಡಿದ್ದರೆ ನೀವು ನಿಂತ ಜಾಗದ ಅಕ್ಷಾಂಶ ರೇಖಾಂಶ ತೋರಿಸುತ್ತದೆ, ಅದನ್ನೇ ಓದಿ ಹೇಳಿ. ಸಿಗ್ನಲ್ ಇಲ್ಲದ ಉದ್ದದ ದಾರಿಗೆ ಹೋಗುವವರು ಪಿಎಲ್‌ಬಿ ಎಂಬ ಸಣ್ಣ ಉಪಕರಣ ಒಯ್ಯಬೇಕು. ಗುಂಡಿ ಒತ್ತಿದರೆ ಉಪಗ್ರಹದ ಮೂಲಕ ರಕ್ಷಣಾ ತಂಡಕ್ಕೆ ಸುದ್ದಿ ಹೋಗುತ್ತದೆ. ಬ್ಲೂ ಮೌಂಟನ್ಸ್‌ನಲ್ಲಿ ಇದನ್ನು ಪೊಲೀಸ್ ಮತ್ತು ನ್ಯಾಷನಲ್ ಪಾರ್ಕ್ಸ್‌ನವರು ಉಚಿತವಾಗಿ ಎರವಲು ಕೊಡುತ್ತಾರೆ. ಬ್ಲ್ಯಾಕ್‌ಹೀತ್‌ನ ಅವರ ಹೆರಿಟೇಜ್ ಸೆಂಟರ್‌ನಲ್ಲಿ ವಿಚಾರಿಸಿ.

ದಾರಿ ತಪ್ಪಿದೆ ಅನಿಸಿದ ಕ್ಷಣ ನಿಂತು, ಕೊನೆಯ ಫಲಕ ಕಂಡಲ್ಲಿಗೆ ಹಿಂತಿರುಗಿ. ತೊರೆಯ ಗುಂಟ ಇಳಿದರೆ ಊರು ಸಿಗುತ್ತದೆ ಎಂಬ ನಮ್ಮ ಕಡೆಯ ನಂಬಿಕೆ ಇಲ್ಲಿ ಅಪಾಯಕಾರಿ. ಇಲ್ಲಿ ಊರು ಮೇಲಿದೆ, ತೊರೆ ಇಳಿದರೆ ಸಿಗುವುದು ಪ್ರಪಾತ.

ಇನ್ನೂ ಮುಂದಕ್ಕೆ

ಈ ಮೂರೂ ಮುಗಿದ ಮೇಲೆ ಫಾಲ್ಕನ್‌ಬ್ರಿಜ್‌ನಲ್ಲಿ ಇಳಿದು ಸ್ಯಾಸಫ್ರಾಸ್ ಗಲ್ಲಿ ಎಂಬ ಕಣಿವೆಯ ಮೂಲಕ ಸ್ಪ್ರಿಂಗ್‌ವುಡ್‌ಗೆ ನಡೆಯಿರಿ, ಸ್ಪ್ರಿಂಗ್‌ವುಡ್ ಕಡೆಯ ಏರಿನಲ್ಲಿ ಮಾರ್ಟಿನ್, ಮ್ಯಾಗ್ಡಾಲಾ ಎಂಬ ಪುಟ್ಟ ಜಲಪಾತಗಳಿವೆ. ಬ್ಲ್ಯಾಕ್‌ಹೀತ್‌ನಲ್ಲಿ ಇಳಿದು ಗೋವೆಟ್ಸ್ ಲೀಪ್ ನೋಟಕಟ್ಟೆ ನೋಡಿ. ಸ್ಟೇಷನ್ನಿನಿಂದ ಅದು ಮೂರು ಕಿಲೋಮೀಟರಿನೊಳಗೆ, ಹೆರಿಟೇಜ್ ಸೆಂಟರ್‌ನಿಂದ ಮುಂದಕ್ಕೆ ಗಾಲಿಕುರ್ಚಿಯೂ ಹೋಗಬಲ್ಲ ಫೇರ್‌ಫ್ಯಾಕ್ಸ್ ದಾರಿ.

ಕಾಲು ಪಳಗಿದವರಿಗೆ ಗ್ರ್ಯಾಂಡ್ ಕ್ಲಿಫ್ ಟಾಪ್ ವಾಕ್ ಇದೆ. 2024ರಲ್ಲಿ ತೆರೆದ, ವೆಂಟ್‌ವರ್ತ್ ಫಾಲ್ಸ್‌ನಿಂದ ಕಟೂಂಬಾವರೆಗಿನ 19 ಕಿಲೋಮೀಟರಿನ ದಾರಿ. ಮೇಲೆ ಹೇಳಿದ ಡಾರ್ವಿನ್ ವಾಕ್, ಅಂಡರ್‌ಕ್ಲಿಫ್, ಪ್ರಿನ್ಸ್ ಹೆನ್ರಿ ಎಲ್ಲವೂ ಇದರ ತುಂಡುಗಳೇ. ಎರಡು ದಿನದ ಚಾರಣ ಎಂದು ಹೇಳುತ್ತಾರೆ, ನಡುವೆ ಹೋಟೆಲಿನಲ್ಲಿ ತಂಗಲು ದುಡ್ಡು ಬೇಕು. ರೈಲಿನವರಿಗೆ ಅದೂ ಬೇಡ. ಒಂದು ಶನಿವಾರ ವೆಂಟ್‌ವರ್ತ್ ಫಾಲ್ಸ್‌ನಿಂದ ಲೂರಾಕ್ಕೆ ನಡೆದು ರೈಲು ಹತ್ತಿ ಮನೆಗೆ ಬನ್ನಿ, ಮುಂದಿನ ಶನಿವಾರ ಲೂರಾದಲ್ಲೇ ಇಳಿದು ಬಿಟ್ಟಲ್ಲಿಂದ ಶುರು ಮಾಡಿ ಕಟೂಂಬಾ ಸೇರಿ.